ಮೋಟಾರ್ ಸ್ಟಾರ್ಟರ್‌ಗೂ ಆ್ಯಪ್, ವರ್ಷಕ್ಕೊಂದು ಫೀಸು: ನಂಬಿ ತಗೋಬಹುದಾ?

ತಿಪಟೂರು ತೋಟದವ

ಎಲ್ಲರಿಗೂ ನಮಸ್ಕಾರ. ನಮ್ಮದು ತೆಂಗಿನ ತೋಟ, ಮಧ್ಯೆ ಒಂದಷ್ಟು ಅಡಿಕೆ. ಬೋರ್‌ವೆಲ್‌ಗೆ 7.5 ಎಚ್‌ಪಿ ಸಬ್‌ಮರ್ಸಿಬಲ್ (ನೀರೊಳಗೇ ಮುಳುಗಿರುವ ಮೋಟಾರ್). ಇಷ್ಟು ದಿನ ಹಳೇ ಮೊಬೈಲ್ ಸ್ಟಾರ್ಟರ್ ಇತ್ತು. ಒಳಗೊಂದು ಸಿಮ್. ಮಿಸ್ಡ್ ಕಾಲ್ ಕೊಟ್ಟರೆ ಆನ್, ಇನ್ನೊಂದು ಕೊಟ್ಟರೆ ಆಫ್. ತ್ರೀ ಫೇಸ್ ಬಂದ ಕೂಡಲೇ ಅದೇ ಫೋನ್ ಮಾಡಿ ಹೇಳುತ್ತಿತ್ತು. ರಾತ್ರಿ ಎರಡು ಗಂಟೆಗೆ ಕರೆಂಟ್ ಬಂದರೂ ಟಾರ್ಚ್ ಹಿಡಿದುಕೊಂಡು ಹುಳ ಹುಪ್ಪಟೆ ಮಧ್ಯೆ ಹೋಗುವ ಕಷ್ಟ ತಪ್ಪಿತ್ತು.

ಈಗ ಅದು ಕೈ ಕೊಟ್ಟಿದೆ. ಅಂಗಡಿಯವರು "ಹಳೇದರ ಕಾಲ ಮುಗೀತು, ಈಗೆಲ್ಲ 4ಜಿ. ವೋಲ್ಟೇಜು, ಆಂಪ್ಸು, ಎಷ್ಟು ಗಂಟೆ ಓಡಿತು ಎಲ್ಲ ಆ್ಯಪ್‌ನಲ್ಲೇ ಕಾಣುತ್ತೆ" ಅನ್ನುತ್ತಿದ್ದಾರೆ. ಮೊದಲ ವರ್ಷ ಫ್ರೀ, ಆಮೇಲೆ ವರ್ಷ ವರ್ಷ ಫೀಸು. ಕಟ್ಟದಿದ್ದರೆ ಆ್ಯಪ್ ಬಂದ್. ದುಡ್ಡಿನದು ಅಷ್ಟು ದೊಡ್ಡ ವಿಷಯ ಅಲ್ಲ. ಆದರೆ ನನ್ನ ಬೋರಿಂದ ನೀರೆತ್ತೋಕೆ ಬೇರೆ ಯಾರದೋ ಕಂಪ್ಯೂಟರ್ ಒಪ್ಪಿಗೆ ಕೊಡಬೇಕು ಅನ್ನುವುದು ಯಾಕೋ ಸರಿ ಕಾಣುತ್ತಿಲ್ಲ. ಉಪಯೋಗಿಸಿದವರು ಯಾರಾದರೂ ಇದ್ದೀರಾ?

ದಾಳಿಂಬೆ ಹಿರಿಯೂರು

ಕಣ್ಣು ಮುಚ್ಚಿಕೊಂಡು ತಗೊಳ್ಳಿ ಅಣ್ಣಾ. ನಮ್ಮ ತೋಟದಲ್ಲಿ ಡ್ರಿಪ್ ಲೈನ್‌ಗಳಿಗೂ ಆಟೋಮ್ಯಾಟಿಕ್ ವಾಲ್ವ್ ಹಾಕಿಸಿದ್ದೇನೆ. ಮಣ್ಣಲ್ಲಿ ತೇವಾಂಶ ನೋಡುವ ಸೆನ್ಸರ್ ಇದೆ. ಒಣಗಿತು ಅಂದರೆ ತಾನೇ ಮೋಟಾರ್ ಹಾಕಿ, ಆ ಲೈನಿನ ವಾಲ್ವ್ ತೆಗೆದು, ಸಾಕು ಅನ್ನಿಸಿದಾಗ ನಿಲ್ಲಿಸುತ್ತದೆ. ನಾನು ಮದುವೆ ಮನೆಯಲ್ಲಿ ಕೂತು ಫೋನಲ್ಲಿ ನೋಡುತ್ತೇನೆ ಅಷ್ಟೆ. ಇನ್ನು ಸ್ವಲ್ಪ ವರ್ಷದಲ್ಲಿ ನೀರು ಕಟ್ಟೋಕೆ ಮನುಷ್ಯನೇ ಬೇಡ. ಆಳು ಎಲ್ಲಿ ಸಿಗುತ್ತಾರೆ ಈಗ? ಫೀಸು ಅಂತ ಹಿಂದೆ ಮುಂದೆ ನೋಡಬೇಡಿ.

ವೈಂಡಿಂಗ್ ಅಂಗಡಿ

ಅರಸೀಕೆರೆ ಕಡೆ ಮೋಟಾರ್ ರಿಪೇರಿ ಮಾಡುತ್ತೇನೆ. ಆ್ಯಪ್ ಚೆನ್ನಾಗಿದೆಯಾ ಇಲ್ಲವಾ ನನಗೆ ಬೇಡ. ಸುಟ್ಟ ಮೋಟಾರ್ ಬಿಚ್ಚಿ ನೋಡುವವನು ನಾನು, ಆ ಕಡೆಯಿಂದ ಹೇಳುತ್ತೇನೆ.

ಸುಡುವುದಕ್ಕೆ ಕಾರಣ ಹೆಚ್ಚಾಗಿ ಎರಡೇ. ಒಂದು, ಮೂರು ಫೇಸಲ್ಲಿ ಒಂದು ಹೋಗಿ ಉಳಿದ ಎರಡರಲ್ಲೇ ಓಡಿರುತ್ತದೆ. ಆ ಎರಡು ಫೇಸಿಗೆ ಕರೆಂಟ್ ಜಾಸ್ತಿ ಎಳೆದು ಕಾಯಿಲ್ ಕರಕಲಾಗಿರುತ್ತದೆ. ಬಿಚ್ಚಿದರೆ ಗೊತ್ತಾಗಿ ಹೋಗುತ್ತದೆ, ಒಂದು ಫೇಸಿನ ತಂತಿ ಮಾತ್ರ ಹೊಸದರ ಹಾಗೆ ಹೊಳೆಯುತ್ತಿರುತ್ತದೆ. ಎರಡು, ಬೋರಲ್ಲಿ ನೀರು ಕೆಳಗೆ ಹೋಗಿ ಮೋಟಾರ್ ಬರೀ ಗಾಳಿ ಎಳೆದಿರುತ್ತದೆ. ಸಬ್‌ಮರ್ಸಿಬಲ್‌ಗೆ ತಂಪು ಕೊಡುವುದೇ ಆ ನೀರು.

ಒಳ್ಳೇ ಸ್ಟಾರ್ಟರ್ ಇವೆರಡನ್ನೂ ತಾನೇ ಹಿಡಿಯುತ್ತದೆ. ನೀರಿಲ್ಲದೆ ಓಡಿದರೆ ಆಂಪ್ಸ್ ಇಳಿಯುತ್ತದೆ, ಅದನ್ನು ನೋಡಿ ಟ್ರಿಪ್ ಆಗಬೇಕು, ಅಂದರೆ ತಾನೇ ಮೋಟಾರ್ ನಿಲ್ಲಿಸಬೇಕು. ಈ ತೀರ್ಮಾನ ಪೆಟ್ಟಿಗೆ ಒಳಗೇ ಆಗಬೇಕು, ಅಲ್ಲೇ, ಆ ಕ್ಷಣವೇ. ಟವರ್ ಹತ್ತಿರ ಹೋಗಿ ಕೇಳಿಕೊಂಡು ಬರೋದಲ್ಲ. ಕೊಳ್ಳುವ ಮುಂಚೆ ಇದೊಂದು ಕೇಳಿ.

ಇನ್ನೊಂದು ಮಾತು, ಇದು ಜೀವದ ವಿಷಯ. ಬೋರ್ ಹತ್ತಿರ ಕೇಬಲ್ ಜಾಯಿಂಟ್ ಮಾಡುತ್ತಾ ಕೂತಿರುತ್ತೇವೆ. ಯಜಮಾನರ ಮಗ ಬೆಂಗಳೂರಲ್ಲಿ. ಅವನಿಗೆ "ತ್ರೀ ಫೇಸ್ ಬಂತು" ಅಂತ ಮೆಸೇಜ್ ಹೋಗುತ್ತದೆ. ಅವನು ಅಲ್ಲಿಂದಲೇ ಆನ್ ಒತ್ತುತ್ತಾನೆ. ಇಲ್ಲಿ ನಮ್ಮ ಕೈ ತಂತಿ ಮೇಲೆ. ಅದಕ್ಕೇ ನಾನು ಮೇನ್ ಆಫ್ ಮಾಡಿ ಮೂರೂ ಫ್ಯೂಸ್ ಕಿತ್ತು ಪ್ಯಾಂಟ್ ಜೇಬಿಗೆ ಹಾಕಿಕೊಂಡೇ ಕೆಲಸಕ್ಕೆ ಕೂರುವುದು. ನಮ್ಮ ಹುಡುಗರಿಗೂ ಅದನ್ನೇ ಹೇಳಿದ್ದೇನೆ. ಆ್ಯಪ್‌ನಲ್ಲಿ "ಲಾಕ್" ಅಂತ ಒಂದು ಬಟನ್ ಇರುತ್ತದೆ, ಅದನ್ನು ನಂಬಿ ತಂತಿ ಮುಟ್ಟಬೇಡಿ.

ರಿಟೈರ್ಡ್ ಲೈನ್‌ಮನ್

ಫ್ಯೂಸ್ ಜೇಬಿಗೆ ಹಾಕಿಕೊಳ್ಳುವ ವಿಷಯ ನೂರಕ್ಕೆ ನೂರು ಸತ್ಯ. ನಾವೂ ಹಾಗೇ ಮಾಡುತ್ತಿದ್ದೆವು.

ನಾನು ಬೇರೆ ಒಂದು ಕಡೆಯಿಂದ ಹೇಳಬೇಕು. ಒಬ್ಬರ ತೋಟಕ್ಕೆ ಅನುಕೂಲ ಆಗಿದ್ದು ಎಲ್ಲರೂ ಹಾಕಿಸಿಕೊಂಡಾಗ ಬೇರೆಯೇ ಆಗುತ್ತದೆ. ಲೆಕ್ಕ ನೋಡಿ. 7.5 ಎಚ್‌ಪಿ ಮೋಟಾರ್ ಓಡುವಾಗ ಹೆಚ್ಚು ಕಡಿಮೆ 12ರಿಂದ 14 ಆಂಪ್ಸ್ ಎಳೆಯುತ್ತದೆ. ಸ್ಟಾರ್ಟ್ ಆಗುವಾಗ ಅದರ ಐದಾರು ಪಟ್ಟು. 63 ಕೆವಿಎ ಟಿಸಿ (ಟ್ರಾನ್ಸ್‌ಫಾರ್ಮರ್) ಕೊಡಬಲ್ಲದ್ದು 84 ಆಂಪ್ಸ್. ಅದರಲ್ಲಿ ಐದು ಮೋಟಾರ್ ಇವೆ ಅಂದುಕೊಳ್ಳಿ. ಒಂದಾದ ಮೇಲೆ ಒಂದು ಹಾಕಿದರೆ ತಡೆಯುತ್ತದೆ. ಹಿಂದೆ ಹಾಗೇ ಆಗುತ್ತಿತ್ತು. ಒಬ್ಬರು ಎದ್ದು ಹೋಗುತ್ತಿದ್ದರು, ಇನ್ನೊಬ್ಬರು ಕಾಫಿ ಕುಡಿದು ಹೋಗುತ್ತಿದ್ದರು. ಈಗ ಐವರೂ ಆಟೋ ಇಟ್ಟಿರುತ್ತಾರೆ. ಕರೆಂಟ್ ಬಂದ ಸೆಕೆಂಡಿಗೇ ಐದೂ ಒಟ್ಟಿಗೆ ಎಳೆದರೆ 300 ಆಂಪ್ಸ್ ದಾಟುತ್ತದೆ. ವೋಲ್ಟೇಜ್ ಪಾತಾಳಕ್ಕೆ. ಯಾವ ಮೋಟಾರೂ ಸರಿಯಾಗಿ ಎದ್ದೇಳಲ್ಲ, ಎಲ್ಲವೂ ಸ್ಟಾರ್ಟಿಂಗ್ ಕರೆಂಟನ್ನೇ ಎಳೆಯುತ್ತಾ ನಿಲ್ಲುತ್ತವೆ. ಫ್ಯೂಸ್ ಹೋದರೆ ಪುಣ್ಯ. ದಪ್ಪ ತಂತಿ ಹಾಕಿ ಫ್ಯೂಸ್ ಕಟ್ಟಿದ್ದರೆ ಟಿಸಿನೇ ಹೋಗುತ್ತದೆ. ಆಮೇಲೆ ಟಿಸಿ ಬದಲಾಯಿಸುವ ತನಕ ತೋಟ ಒಣಗಬೇಕು, ನಮಗೆ ಬೈಗುಳ.

ಹಾಗಾಗಿ ಆಟೋ ಹಾಕುವವರು ಡಿಲೇ ಟೈಮರ್ ಇಡಿ, ಕರೆಂಟ್ ಬಂದು ಸ್ವಲ್ಪ ಹೊತ್ತಾದ ಮೇಲೆ ಮೋಟಾರ್ ಆನ್ ಆಗಲಿ. ಅದೂ ಪಕ್ಕದವರದ್ದೇ ಸಮಯ ಇಡಬೇಡಿ.

ದಾಳಿಂಬೆ ಹಿರಿಯೂರು

ಸರ್, ಇದಕ್ಕೂ ಟೆಕ್ನಾಲಜಿಯೇ ದಾರಿ ಅಲ್ವಾ? ಐದೂ ಸ್ಟಾರ್ಟರ್ ತಮ್ಮ ತಮ್ಮಲ್ಲೇ ಮಾತಾಡಿಕೊಂಡು ಸರದಿ ಮೇಲೆ ಸ್ಟಾರ್ಟ್ ಆಗಬಹುದು.

ರಿಟೈರ್ಡ್ ಲೈನ್‌ಮನ್

ಆಗಬಹುದಪ್ಪಾ. ಐದು ಸ್ಟಾರ್ಟರೂ ಒಂದೇ ಕಂಪನಿಯದ್ದಾಗಿದ್ದರೆ. ನಮ್ಮೂರಲ್ಲಿ ಅಣ್ಣ ತಮ್ಮಂದಿರೇ ಬೇರೆ ಬೇರೆ ಅಂಗಡಿಯಲ್ಲಿ ತರುತ್ತಾರೆ.

ತಿಪಟೂರು ತೋಟದವ

ಎಲ್ಲರಿಗೂ ಥ್ಯಾಂಕ್ಸ್. ಒಂದು ಅನುಮಾನ. ತೀರ್ಮಾನ ಪೆಟ್ಟಿಗೆ ಒಳಗೇ ಆಗುತ್ತದಾ, ಕಂಪನಿ ಕಂಪ್ಯೂಟರ್‌ನಲ್ಲಿ ಆಗುತ್ತದಾ ಅಂತ ನಮ್ಮಂಥವರಿಗೆ ಗೊತ್ತಾಗೋದು ಹೇಗೆ? ಅಂಗಡಿಯವರನ್ನು ಕೇಳಿದರೆ "ಎಲ್ಲ ಇದೆ ಸಾರ್" ಅನ್ನುತ್ತಾರೆ.

ಚಿಪ್ ಮೇಡಂ

ಇಂಥ ಪೆಟ್ಟಿಗೆಗಳ ಒಳಗಿನ ಸಾಫ್ಟ್‌ವೇರ್ ಬರೆಯುವುದೇ ನನ್ನ ಕೆಲಸ (ಸ್ಟಾರ್ಟರ್ ಅಲ್ಲ, ಬೇರೆ ಸಾಮಾನು), ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪರೀಕ್ಷೆ ಸುಲಭ. ಅಂಗಡಿಯಲ್ಲೇ ಸಿಮ್ ತೆಗೆಸಿ. ಆಮೇಲೆ ಮೂರು ಫೇಸ್ ಕೊಟ್ಟು, ಒಂದು ಫೇಸ್ ಕೀಳಲು ಹೇಳಿ. ಟ್ರಿಪ್ ಆದರೆ ಬುದ್ಧಿ ಪೆಟ್ಟಿಗೆಯಲ್ಲಿದೆ. ಹಾಗೇ ಬಾಗಿಲ ಮೇಲೆ ಹಸಿರು ಕೆಂಪು ಬಟನ್ ಇದೆಯಾ, ಸಿಮ್ ಇಲ್ಲದೆಯೂ ಅದು ಕೆಲಸ ಮಾಡುತ್ತದಾ ನೋಡಿ. ಟೈಮರ್ ಕೂಡ ಸಿಮ್ ಇಲ್ಲದೆ ಓಡಬೇಕು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಿಮ್ಮ ಹಳೇ ಸ್ಟಾರ್ಟರ್‌ನಲ್ಲಿ ಫೋನು, ಟವರ್, ಸ್ಟಾರ್ಟರ್, ಇಷ್ಟೇ ದಾರಿ. ಹೊಸದರಲ್ಲಿ ನೀವು ಒತ್ತಿದ ಆನ್ ಮೊದಲು ಕಂಪನಿಯ ಸರ್ವರ್‌ಗೆ ಹೋಗುತ್ತದೆ. ಅದು ಮುಂಬೈನಲ್ಲಿರಬಹುದು, ಸಿಂಗಪುರದಲ್ಲಿರಬಹುದು. ಅಲ್ಲಿಂದ ವಾಪಸ್ ನಿಮ್ಮ ತೋಟಕ್ಕೆ. ಮಧ್ಯದ ಆ ಸರ್ವರ್‌ಗೆ ಯಾರೋ ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಿರುತ್ತಾರೆ. ಕಟ್ಟುವುದು ನಿಲ್ಲಿಸಿದರೆ ನಿಮ್ಮ ಪೆಟ್ಟಿಗೆ ಕಿವುಡಾಗುತ್ತದೆ.

ಇದು ಬಾಯಿ ಮಾತಲ್ಲ. ಅಮೆರಿಕದಲ್ಲಿ ರಿವಾಲ್ವ್ ಅಂತ ಮನೆಯ ದೀಪ, ಬೀಗ ಎಲ್ಲ ನಡೆಸುವ ಪೆಟ್ಟಿಗೆ ಇತ್ತು. ಬೆಲೆ 300 ಡಾಲರ್. ಆಜೀವ ಸೇವೆ ಅಂತ ಮಾರಿದ್ದರು. ಆ ಕಂಪನಿಯನ್ನು ಗೂಗಲ್‌ನ ನೆಸ್ಟ್ ಕೊಂಡುಕೊಂಡಿತು. 2016ರ ಮೇ ತಿಂಗಳಲ್ಲಿ ಸರ್ವರ್ ನಿಲ್ಲಿಸಿತು. ಪೆಟ್ಟಿಗೆಗಳಿಗೆ ಏನೂ ಆಗಿರಲಿಲ್ಲ, ಆದರೂ ಒಂದೂ ಕೆಲಸಕ್ಕೆ ಬರಲಿಲ್ಲ. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಕಂಪನಿ ಹೇಳದೆ ಕೇಳದೆ ಸರ್ವರ್ ಆಫ್ ಮಾಡಿತು. ಅವರ ಗ್ರಾಹಕರಲ್ಲೇ ಕೆಲವರು ಸೇರಿ ಕಂಪನಿ ಕೊಂಡುಕೊಂಡ ಮೇಲೆ ಮತ್ತೆ ಜೀವ ಬಂತು. 2025ರ ಅಕ್ಟೋಬರ್ 25ಕ್ಕೆ ನೆಸ್ಟ್‌ನ ಮೊದಲೆರಡು ತಲೆಮಾರಿನ ಥರ್ಮೋಸ್ಟಾಟ್‌ಗಳ (ಮನೆಯ ಬಿಸಿ ತಂಪು ಹದ ಮಾಡುವ ಸಾಮಾನು) ಆ್ಯಪ್ ನಿಂತಿತು. ಆದರೆ ಅವುಗಳನ್ನು ಗೋಡೆ ಮೇಲೆ ಕೈಯಲ್ಲಿ ತಿರುಗಿಸಿದರೆ ಇವತ್ತೂ ಮನೆ ಬೆಚ್ಚಗಾಗುತ್ತದೆ. ಈ ವ್ಯತ್ಯಾಸ ಗಮನಿಸಿ. ಕೊನೆಯದು ಸ್ವಲ್ಪ ಪೆದ್ದಾಯಿತು, ಆದರೆ ಕಸದ ಬುಟ್ಟಿಗೆ ಹೋಗಲಿಲ್ಲ.

ಕಂಪನಿ ಮುಚ್ಚಲೇಬೇಕು ಅಂತಲೂ ಇಲ್ಲ. 2025ರ ಅಕ್ಟೋಬರ್ 20ಕ್ಕೆ ಅಮೆಜಾನ್‌ನ ವರ್ಜೀನಿಯಾ ಡೇಟಾ ಸೆಂಟರ್‌ಗಳಲ್ಲಿ ತೊಂದರೆ ಆಯಿತು. ಎಯ್ಟ್ ಸ್ಲೀಪ್ ಅಂತ ಒಂದು ಹಾಸಿಗೆ ಇದೆ, ಎರಡು ಸಾವಿರ ಡಾಲರ್‌ಗೂ ಮೇಲೆ ಬೆಲೆ, ರಾತ್ರಿ ಬೇಕಾದಂತೆ ಬಿಸಿ ತಂಪು ಮಾಡುತ್ತದೆ. ಆವತ್ತು ಕೆಲವರ ಹಾಸಿಗೆ ಬಿಸಿಯಲ್ಲೇ ಸಿಕ್ಕಿಹಾಕಿಕೊಂಡಿತು, ಕೆಲವರದ್ದು ತಲೆ ಎತ್ತಿಕೊಂಡು ಹಾಗೇ ನಿಂತಿತು. ಆಮೇಲೆ ಕಂಪನಿಯವರು ಇಂಟರ್ನೆಟ್ ಇಲ್ಲದಿದ್ದರೂ ಬ್ಲೂಟೂತ್‌ನಲ್ಲಿ ನಡೆಸುವ ವ್ಯವಸ್ಥೆ ಕೊಟ್ಟರು. ಮೊದಲೇ ಯಾಕೆ ಕೊಟ್ಟಿರಲಿಲ್ಲ ಅಂದರೆ ನಮ್ಮ ಉದ್ಯಮದ ಗುಟ್ಟು ಹೇಳಬೇಕಾಗುತ್ತದೆ. ಎಲ್ಲವೂ ಸರ್ವರ್ ಮೂಲಕ ಹೋದರೆ ಬರೆಯೋದು ಸುಲಭ, ಫೀಸು ವಸೂಲಿ ಇನ್ನೂ ಸುಲಭ.

ಮೈಸೂರಿನಿಂದ

ಹಾಸಿಗೆಗೂ ಸರ್ವರ್ರಾ! ನಮ್ಮತ್ತೆಗೆ ಓದಿ ಹೇಳಿದೆ, ಇನ್ನೂ ನಗುತ್ತಾ ಇದ್ದಾರೆ.

ನಮ್ಮನೇಲಿ ಗೀಸರ್‌ಗೆ ಸ್ಮಾರ್ಟ್ ಪ್ಲಗ್ ಹಾಕಿದ್ದಾರೆ ಯಜಮಾನರು. ವೈಫೈ ಪಾಸ್‌ವರ್ಡ್ ಬದಲಾಯಿಸಿದ ದಿನ ಎಲ್ಲರಿಗೂ ತಣ್ಣೀರ ಸ್ನಾನ. ಗೋಡೆ ಸ್ವಿಚ್ ಹಾಕಿದರೂ ಪ್ಲಗ್ ಆನ್ ಆಗಲಿಲ್ಲ, ಪಕ್ಕದ ಪುಟ್ಟ ಬಟನ್ ಒತ್ತಬೇಕಂತೆ. ಅತ್ತೆಗೆ ಅದು ಕಾಣೋದೂ ಇಲ್ಲ.

ನನ್ನ ಪ್ರಶ್ನೆ ಕ್ಯಾಮೆರಾದ್ದು. ಮನೆ ಮುಂದೆ ಒಂದು, ಹಾಲ್‌ನಲ್ಲಿ ಒಂದು ಹಾಕಿಸಬೇಕು ಅಂತಿದ್ದಾರೆ. ಹಾಲ್‌ನಲ್ಲಿ ಬೇಡ ಅಂತ ನಾನು. ಯಾರು ಬೇಕಾದರೂ ನೋಡಬಹುದಂತೆ, ನಿಜಾನಾ?

ಚಿಪ್ ಮೇಡಂ

ಮೇಡಂ, ಹಾಲ್ ವಿಷಯದಲ್ಲಿ ನಾನು ನಿಮ್ಮ ಪಕ್ಷ.

ಯಾರು ಬೇಕಾದರೂ ನೋಡಲಾಗಲ್ಲ. ಆದರೆ ಕಂಪನಿ ಹಾಕಿಕೊಟ್ಟ ಪಾಸ್‌ವರ್ಡ್ ಹಾಗೇ ಬಿಟ್ಟರೆ ಬಾಗಿಲು ತೆಗೆದಿಟ್ಟ ಲೆಕ್ಕ. 2016ರಲ್ಲಿ ಮಿರಾಯ್ ಅಂತ ಒಂದು ಪ್ರೋಗ್ರಾಂ ಮಾಡಿದ್ದು ಇಷ್ಟೇ. ಅಡ್ಮಿನ್, 12345 ಇಂಥ ಅರವತ್ತು ಚಿಲ್ಲರೆ ಜೋಡಿ ಯೂಸರ್‌ನೇಮ್ ಪಾಸ್‌ವರ್ಡ್ ಇಟ್ಟುಕೊಂಡು ಪ್ರಪಂಚದ ಕ್ಯಾಮೆರಾ, ರೌಟರ್‌ಗಳ ಬಾಗಿಲು ತಟ್ಟುತ್ತಾ ಹೋಯಿತು. ತೆರೆದುಕೊಂಡವನ್ನೆಲ್ಲ ಸೇನೆ ಕಟ್ಟಿಕೊಂಡು ಅಕ್ಟೋಬರ್ 21ಕ್ಕೆ, ವೆಬ್‌ಸೈಟ್‌ಗಳ ವಿಳಾಸ ಹುಡುಕಿಕೊಡುವ ಡೈನ್ ಅನ್ನುವ ಕಂಪನಿ ಮೇಲೆ ಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲ ಎಷ್ಟೋ ಹೊತ್ತು ತೆರೆಯಲಿಲ್ಲ. ಬರೆದವರು ಯಾವ ದೇಶದ ಗೂಢಚಾರರೂ ಅಲ್ಲ, ಅಮೆರಿಕದ ಮೂವರು ಎಳೇ ಹುಡುಗರು. ಕ್ಯಾಮೆರಾದ ಯಜಮಾನರಿಗೆ ತಮ್ಮ ಕ್ಯಾಮೆರಾ ಯುದ್ಧಕ್ಕೆ ಹೋಗಿದ್ದು ಗೊತ್ತೇ ಆಗಲಿಲ್ಲ.

ಈಗ ಸ್ವಲ್ಪ ಬಿಗಿ ಬಂದಿದೆ. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಹಾಕಿ ಮಾರುವಂತಿಲ್ಲ. ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೇವೆ ಅಂತಲೂ ಮಾರುವಾಗಲೇ ತಿಳಿಸಬೇಕು. ಯುರೋಪಿನಲ್ಲಿ ಇಂಥದ್ದೇ ದೊಡ್ಡ ಕಾನೂನು ಪೂರ್ತಿ ಜಾರಿಗೆ ಬರುವುದು 2027ರ ಡಿಸೆಂಬರ್‌ಗೆ. ನಮ್ಮಲ್ಲಿ 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳು ಸರ್ಕಾರದ ಭದ್ರತಾ ಪರೀಕ್ಷೆ ಪಾಸಾಗಬೇಕು. ಕೊಳ್ಳುವಾಗ ಆ ಸರ್ಟಿಫಿಕೇಟ್ ಕೇಳಿ. ರೆಕಾರ್ಡಿಂಗ್ ಮನೆಯಲ್ಲೇ ಉಳಿಯುವಂತೆ ಮೆಮೊರಿ ಕಾರ್ಡ್ ಇರುವುದನ್ನೇ ನೋಡಿ.

ವೈಂಡಿಂಗ್ ಅಂಗಡಿ

ಪಾಸ್‌ವರ್ಡ್ ಅಂದಾಗ ನೆನಪಾಯಿತು. ನನ್ನ ಹತ್ತಿರ ಬರುವ ಮೊಬೈಲ್ ಸ್ಟಾರ್ಟರ್‌ಗಳಲ್ಲಿ ಮುಕ್ಕಾಲು ಪಾಲು ಇನ್ನೂ 1234ರಲ್ಲೇ ಇರುತ್ತವೆ. ಯಾವ ನಂಬರಿಂದ ಕಾಲ್ ಬಂದರೂ ಆನ್ ಆಗುವ ಹಾಗೆ ಬಿಟ್ಟಿರುತ್ತಾರೆ. ಬ್ಯಾಂಕ್ ಲೋನ್ ಕೊಡುತ್ತೇವೆ ಅಂತ ಕಾಲ್ ಸೆಂಟರ್‌ನವರು ಫೋನ್ ಮಾಡಿದ್ದಕ್ಕೆ ಮೋಟಾರ್ ಆನ್ ಆಗಿದ್ದೂ ಉಂಟು. ನಗಬೇಡಿ, ತೊಟ್ಟಿ ತುಂಬಿ ರಸ್ತೆಗೆಲ್ಲ ಹರಿದಿತ್ತು.

ಬೇ ಏರಿಯಾ ಕನ್ನಡಿಗ

ಊರು ಕಡೂರು, ಇರುವುದು ಸನಿವೇಲ್. ಚಿಪ್ ಮೇಡಂ ಹೇಳಿದ್ದನ್ನೇ ಚಕ್ರದ ಮೇಲೆ ನೋಡಬೇಕಾದರೆ ಸ್ಯಾನ್ ಫ್ರಾನ್ಸಿಸ್ಕೋದ ಕಥೆ ಕೇಳಿ.

ಇಲ್ಲಿ ವೇಮೋದ ಡ್ರೈವರ್ ಇಲ್ಲದ ಟ್ಯಾಕ್ಸಿ ಈಗ ಯಾರಿಗೂ ವಿಚಿತ್ರ ಅಲ್ಲ. ಸ್ಟೀರಿಂಗ್ ತಾನೇ ತಿರುಗೋದನ್ನು ಅಮ್ಮ ಮೊದಲ ಸಲ ನೋಡಿದಾಗ ರಾಮ ರಾಮ ಅಂದರು. ಎರಡನೇ ಸಲ ಹಿಂದೆ ಕೂತು ನಿದ್ದೆ ಮಾಡಿದರು. ನನಗಂತೂ ಅದರ ಓಟ ಇಷ್ಟ. ಕುಡಿದಿರಲ್ಲ, ಫೋನ್ ನೋಡಲ್ಲ, ಹಳದಿ ದೀಪಕ್ಕೆ ನುಗ್ಗಲ್ಲ.

2025ರ ಡಿಸೆಂಬರ್ 20, ಶನಿವಾರ. ಒಂದು ಸಬ್‌ಸ್ಟೇಷನ್‌ಗೆ ಬೆಂಕಿ ಬಿದ್ದು ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ಭಾಗಕ್ಕೆ ಕರೆಂಟ್ ಹೋಯಿತು. ಲಕ್ಷಕ್ಕೂ ಮೇಲೆ ಮನೆ ಅಂಗಡಿ ಕತ್ತಲು. ಸಿಗ್ನಲ್ ದೀಪಗಳೂ ಆರಿದವು. ದೀಪ ಆರಿದ ಜಂಕ್ಷನ್‌ನಲ್ಲಿ ಎಲ್ಲರೂ ನಿಂತು, ಒಬ್ಬೊಬ್ಬರಾಗಿ ಹೋಗಬೇಕು. ವೇಮೋ ಕಾರಿಗೂ ಆ ನಿಯಮ ಗೊತ್ತು, ಆವತ್ತು ಸಾವಿರಾರು ಕತ್ತಲೆ ಸಿಗ್ನಲ್‌ಗಳನ್ನು ಅವು ಸರಿಯಾಗಿಯೇ ದಾಟಿದವು. ಆದರೆ ಅನುಮಾನ ಬಂದಾಗ ಒಮ್ಮೆ ದೂರದಲ್ಲಿ ಕೂತ ಸಿಬ್ಬಂದಿಯನ್ನು ಕೇಳಿ ಖಚಿತ ಮಾಡಿಕೊಳ್ಳುವ ಪದ್ಧತಿ ಇದೆ. ಮಾಮೂಲಿ ದಿನ ಅಲ್ಲೊಂದು ಇಲ್ಲೊಂದು ಕಾರು ಕೇಳುತ್ತದೆ. ಆವತ್ತು ಒಂದೇ ಹೊತ್ತಿಗೆ ರಾಶಿ ರಾಶಿ ಕಾರು ಕೇಳಿದವು. ಉತ್ತರ ತಡವಾಯಿತು. ಜಂಕ್ಷನ್ ಮಧ್ಯೆಯೇ ಹಜಾರ್ಡ್ ಲೈಟ್ ಹಾಕಿಕೊಂಡು ನಿಂತವು, ಹಿಂದೆ ಉದ್ದಕ್ಕೂ ಟ್ರಾಫಿಕ್. ಕೊನೆಗೆ ಸೇವೆಯನ್ನೇ ನಿಲ್ಲಿಸಬೇಕಾಯಿತು.

ಲೈನ್‌ಮನ್ ಸರ್ ಹೇಳಿದ ಐದು ಮೋಟಾರ್ ಲೆಕ್ಕವೇ ಇದು. ಒಂದೊಂದೇ ಆದರೆ ಸರಿ, ಎಲ್ಲ ಒಟ್ಟಿಗೆ ಆದರೆ ಟಿಸಿ ಹೋಯಿತು.

ಹಳದಿ ಬೋರ್ಡ್

ಬೆಂಗಳೂರಲ್ಲಿ ಕ್ಯಾಬ್ ಓಡಿಸುತ್ತೇನೆ, ಸ್ಟ್ಯಾಂಡಲ್ಲಿ ಕೂತು ಇದನ್ನೆಲ್ಲ ಓದುತ್ತಾ ಇದ್ದೆ. ಗಡ್ಕರಿ ಸಾಹೇಬರು 2023ರಲ್ಲಿ ಡ್ರೈವರ್ ಇಲ್ಲದ ಕಾರು ನಮ್ಮ ದೇಶಕ್ಕೆ ಬರೋಕೆ ಬಿಡಲ್ಲ, ಡ್ರೈವರ್‌ಗಳ ಕೆಲಸ ಹೋಗುತ್ತದೆ ಅಂದಿದ್ದರು. ನಾವೆಲ್ಲ ಖುಷಿ ಪಟ್ಟಿದ್ದೆವು. ಆದರೆ ಅದನ್ನೇ ನಂಬಿ ಕೂರೋಕಾಗಲ್ಲ ಅಲ್ವಾ. 2025ರ ಅಕ್ಟೋಬರ್‌ನಲ್ಲಿ ಆರ್‌ವಿ ಇಂಜಿನಿಯರಿಂಗ್ ಕಾಲೇಜಲ್ಲೇ ವಿಪ್ರೋ, ಐಐಎಸ್‌ಸಿ ಜೊತೆ ಸೇರಿ ಮಾಡಿದ ಡ್ರೈವರ್ ಇಲ್ಲದ ಕಾರು ತೋರಿಸಿದರು. ಸ್ವಾಮೀಜಿ ಒಬ್ಬರು ಅದರಲ್ಲಿ ಕೂತು ಕ್ಯಾಂಪಸ್ ಸುತ್ತಿದ ವಿಡಿಯೋ ಎಲ್ಲರ ವಾಟ್ಸಾಪ್‌ಗೂ ಬಂದಿತ್ತು.

ಕ್ಯಾಂಪಸ್ ಒಳಗೆ ಓಡಲಿ. ಸಿಲ್ಕ್ ಬೋರ್ಡ್‌ಗೆ ಬರಲಿ ನೋಡೋಣ. ಎದುರಿಂದ ರಾಂಗ್ ಸೈಡಲ್ಲಿ ಬರುವ ಬೈಕಿನವನು ಕೈ ತೋರಿಸಿದರೆ "ನಾನು ಬರುತ್ತೇನೆ, ನೀನು ನಿಲ್ಲು" ಅಂತಲೂ ಆಗುತ್ತದೆ, "ನೀನು ಹೋಗು" ಅಂತಲೂ ಆಗುತ್ತದೆ. ಮುಖ ನೋಡಿದರೆ ಮಾತ್ರ ಗೊತ್ತಾಗೋದು.

ನನ್ನ ಮುಖ್ಯ ಪ್ರಶ್ನೆ ಬೇರೆ. ಕಾರು ಗುದ್ದಿದರೆ ಸ್ಟೇಷನ್‌ಗೆ ಯಾರು ಹೋಗಬೇಕು? ನಾನು ಗುದ್ದಿದರೆ ನನ್ನ ಲೈಸೆನ್ಸ್ ಕಿತ್ಕೊಳ್ಳುತ್ತಾರೆ.

ಬೇ ಏರಿಯಾ ಕನ್ನಡಿಗ

ಅಣ್ಣಾ, ಕೇಳಬೇಕಾದ್ದನ್ನೇ ಕೇಳಿದಿರಿ. ಇಲ್ಲೂ ಅದೇ ಜಗಳ. 2023ರ ಅಕ್ಟೋಬರ್ 2ರಂದು ಒಬ್ಬ ಹೆಂಗಸಿಗೆ ಬೇರೆ ಕಾರು ಗುದ್ದಿ, ಅವರು ಕ್ರೂಸ್ ಕಂಪನಿಯ ಡ್ರೈವರ್ ಇಲ್ಲದ ಟ್ಯಾಕ್ಸಿಯ ಮುಂದೆ ಬಿದ್ದರು. ಅದೂ ಗುದ್ದಿತು, ನಿಂತಿತು. ಆಮೇಲೆ ಪಕ್ಕಕ್ಕೆ ಹೋಗಿ ನಿಲ್ಲಬೇಕು ಅಂತ ಲೆಕ್ಕ ಹಾಕಿ ಅಡಿಯಲ್ಲಿ ಸಿಕ್ಕಿಕೊಂಡಿದ್ದ ಅವರನ್ನು ಸುಮಾರು 20 ಅಡಿ ಎಳೆದುಕೊಂಡು ಹೋಯಿತು. ಯಾವ ಡ್ರೈವರ್ ಆದರೂ ಕೆಳಗಿಳಿದು ನೋಡುತ್ತಿದ್ದ. ಕ್ಯಾಲಿಫೋರ್ನಿಯಾ ಅದೇ ತಿಂಗಳು ಪರ್ಮಿಟ್ ಅಮಾನತು ಮಾಡಿತು. 2024ರ ಡಿಸೆಂಬರ್‌ನಲ್ಲಿ ಜನರಲ್ ಮೋಟಾರ್ಸ್ ಆ ಟ್ಯಾಕ್ಸಿ ಯೋಜನೆಗೆ ದುಡ್ಡು ಹಾಕುವುದನ್ನೇ ನಿಲ್ಲಿಸಿತು. ಅಂದರೆ ಲೈಸೆನ್ಸ್ ಹೋಗಿದ್ದು ಕಂಪನಿಯದ್ದು.

ರಿಟೈರ್ಡ್ ಲೈನ್‌ಮನ್

ಮೆಟ್ರೋ ಹಳದಿ ಲೈನ್‌ದೂ ಡ್ರೈವರ್ ಇಲ್ಲದ ರೈಲು ಅಂತ ಮಗ ಕರೆದುಕೊಂಡು ಹೋಗಿದ್ದ. ನೋಡಿದರೆ ಮುಂದೆ ಒಬ್ಬರು ಕೂತೇ ಇದ್ದರು. ತಾನೇ ಓಡಬಲ್ಲ ರೈಲು, ಸದ್ಯಕ್ಕೆ ಮನುಷ್ಯರನ್ನೂ ಇಟ್ಟಿದ್ದಾರೆ ಅಂದ. ಒಳ್ಳೇದೇ. ಅಲ್ಲಿ ಬೇಲಿ ಇದೆ, ಹಳಿ ಇದೆ, ಅಡ್ಡ ಬರೋರು ಯಾರೂ ಇಲ್ಲ. ಅಂಥ ಕಡೆ ಮಾತ್ರ ಇವೆಲ್ಲ ಬೇಗ ಬರುತ್ತವೆ ಅಂತ ನನ್ನ ಅನಿಸಿಕೆ. ಹಳದಿ ಬೋರ್ಡ್ ಅವರು ಸದ್ಯಕ್ಕೆ ಧೈರ್ಯವಾಗಿರಿ.

ದಾಳಿಂಬೆ ಹಿರಿಯೂರು

ಎಲ್ಲರೂ ಬರೀ ಹೆದರಿಸುತ್ತಿದ್ದೀರಿ. ನನ್ನ ತೋಟದಲ್ಲಿ ಸೆನ್ಸರ್ ಹಾಕಿದ ಮೇಲೆ ನೀರು ಉಳಿದಿದೆ. ಹಿರಿಯೂರು ಕಡೆ ನೀರಂದರೆ ಏನು ಅಂತ ಗೊತ್ತಲ್ಲ. ಆ ಲಾಭವನ್ನೂ ಹೇಳಬೇಕಲ್ವಾ?

ಚಿಪ್ ಮೇಡಂ

ಖಂಡಿತ ಹೇಳಬೇಕು. ನಾನು ಸ್ಮಾರ್ಟ್ ಬೇಡ ಅನ್ನುತ್ತಿಲ್ಲ, ನನ್ನ ಸಂಬಳವೇ ಅದರಿಂದ. ಒಂದು ಕೇಳುತ್ತೇನೆ. ನಿಮ್ಮ ಸೆನ್ಸರ್ ಕಡ್ಡಿ ಎಲ್ಲಿ ನೆಟ್ಟಿದ್ದೀರಿ? ಡ್ರಿಪ್ಪರ್ ಪಕ್ಕದಲ್ಲೇ ಇದ್ದರೆ ಅದು ಬೇಗ ನೆನೆದು ಸಾಕು ಅನ್ನುತ್ತದೆ, ಬೇರು ಇನ್ನೂ ಒಣಗಿರುತ್ತದೆ. ಎರಡು ಲೋಹದ ಕಡ್ಡಿ ಇರುವ ಅಗ್ಗದ ಸೆನ್ಸರ್ ಆಗಿದ್ದರೆ ಮಣ್ಣಲ್ಲಿ ತುಕ್ಕು ಹಿಡಿದು ಸುಳ್ಳು ಹೇಳಲು ಶುರು ಮಾಡುತ್ತದೆ. ಯಾವಾಗಲೂ "ಒಣಗಿದೆ" ಅಂದರೆ ಮೋಟಾರ್ ನಿಲ್ಲುವುದೇ ಇಲ್ಲ. ಹಾಗಾಗಿ ಸೆನ್ಸರ್ ಏನೇ ಹೇಳಲಿ, ಇಷ್ಟು ಗಂಟೆ ಆದಮೇಲೆ ನಿಲ್ಲು ಅಂತ ಒಂದು ಮಿತಿ ಇಡಿ.

ದಾಳಿಂಬೆ ಹಿರಿಯೂರು

ಡ್ರಿಪ್ಪರ್ ಪಕ್ಕದಲ್ಲೇ ನೆಟ್ಟಿದ್ದು ಕಂಪನಿಯವರು. ಸಂಜೆ ನೋಡುತ್ತೇನೆ.

ತಿಪಟೂರು ತೋಟದವ

ಇಷ್ಟೆಲ್ಲ ಓದಿದ ಮೇಲೆ ಹಳೇ ಮಿಸ್ಡ್ ಕಾಲ್ ಪೆಟ್ಟಿಗೆಯನ್ನೇ ಹುಡುಕಿ ತರೋಣ ಅನ್ನಿಸುತ್ತಿದೆ. ಸರ್ವರ್ ಇಲ್ಲ, ಫೀಸು ಇಲ್ಲ.

ಚಿಪ್ ಮೇಡಂ

ಅಲ್ಲೊಂದು ತೊಡಕಿದೆ. ಆ ಪೆಟ್ಟಿಗೆಗಳು ಬಹುಪಾಲು 2ಜಿ. ಜಿಯೋಗೆ 2016ರಲ್ಲಿ ಶುರುವಾದಾಗಿಂದಲೂ 2ಜಿ ಇಲ್ಲವೇ ಇಲ್ಲ. ಏರ್‌ಟೆಲ್ 3ಜಿ ಮುಚ್ಚಿ 2ಜಿ ಉಳಿಸಿಕೊಂಡಿದೆ, ಯಾಕಂದರೆ ಕೀಪ್ಯಾಡ್ ಫೋನಿನವರು ಇನ್ನೂ ತುಂಬಾ ಇದ್ದಾರೆ. ಇನ್ನೂ ಸ್ವಲ್ಪ ಕಾಲ ಇರಬಹುದು. ಆದರೆ ಹೊಸದಾಗಿ ದುಡ್ಡು ಹಾಕುವಾಗ ಮುಂದಿನದ್ದೂ ಯೋಚಿಸಬೇಕು. ಆಸ್ಟ್ರೇಲಿಯಾದ ಟೆಲ್‌ಸ್ಟ್ರಾ 2016ರಲ್ಲೇ 2ಜಿ ಮುಚ್ಚಿತು. ಅಮೆರಿಕದಲ್ಲಿ ಎಟಿ ಅಂಡ್ ಟಿ 2022ರ ಫೆಬ್ರವರಿಯಲ್ಲಿ 3ಜಿ ನಿಲ್ಲಿಸಿದಾಗ ಕೆಲವು ಹಳೇ ಕಾರುಗಳಲ್ಲಿ ಅಪಘಾತ ಆದರೆ ತಾನೇ ಫೋನ್ ಮಾಡುವ ಸೌಲಭ್ಯ ನಿಂತು ಹೋಯಿತು. ಕಾರು ಚೆನ್ನಾಗೇ ಇತ್ತು, ಟವರ್ ಹೋಯಿತು.

ಮಧ್ಯದ ದಾರಿ ಇದೆ. 4ಜಿ ಪೆಟ್ಟಿಗೆಯನ್ನೇ ತಗೊಳ್ಳಿ, ಆದರೆ ಆ್ಯಪ್ ಇಲ್ಲದೆ ಬರೀ ಕಾಲ್ ಅಥವಾ ಎಸ್ಸೆಮ್ಮೆಸ್‌ಗೂ ಕೆಲಸ ಮಾಡಬೇಕು. ಇಲ್ಲಿ ಹುಷಾರು. 4ಜಿಯಲ್ಲಿ ಕಾಲ್ ತೆಗೆದುಕೊಳ್ಳಲು ಒಳಗಿನ ಮಾಡ್ಯೂಲ್‌ಗೆ ವೋಲ್ಟಿ (4ಜಿ ಮೇಲೆಯೇ ಕಾಲ್ ನಡೆಸುವ ವ್ಯವಸ್ಥೆ) ಬರಬೇಕು. ಕೆಲವದರಲ್ಲಿ ಡೇಟಾ ಮಾತ್ರ ಇರುತ್ತದೆ. ಅಂಗಡಿಯಲ್ಲೇ ಜಿಯೋ ಸಿಮ್ ಹಾಕಿ ಮಿಸ್ಡ್ ಕಾಲ್ ಕೊಟ್ಟು ನೋಡಿ. ಅದರಲ್ಲಿ ಆನ್ ಆದರೆ 2ಜಿ ಚಿಂತೆ ಬಿಡಿ.

ಇನ್ನೊಂದು ಇದೆ, ಲೋರಾ. ನಿಮ್ಮ ಮನೆಯಿಂದ ಬೋರ್ ಎಷ್ಟು ದೂರ?

ತಿಪಟೂರು ತೋಟದವ

ಒಂದು ಕಿಲೋಮೀಟರ್ ಒಳಗೆ. ಮಧ್ಯೆ ಪೂರ್ತಿ ತೆಂಗು. ಲೋರಾ ಅಂದರೆ?

ಚಿಪ್ ಮೇಡಂ

ದೂರಕ್ಕೆ ತಲುಪುವ ಸಣ್ಣ ರೇಡಿಯೋ. ಸಿಮ್ ಬೇಡ, ರೀಚಾರ್ಜ್ ಬೇಡ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್‌ನಲ್ಲಿ ಇದಕ್ಕೆ ಲೈಸೆನ್ಸ್ ಕೇಳುವುದಿಲ್ಲ. ಮನೆಯಲ್ಲೊಂದು ಪೆಟ್ಟಿಗೆ, ಬೋರ್ ಹತ್ತಿರ ಒಂದು. ಬಯಲಾದರೆ ಕೆಲವು ಕಿಲೋಮೀಟರ್ ಹೋಗುತ್ತದೆ. ಮರಗಳಿದ್ದರೆ ಕಡಿಮೆ, ಆದರೆ ಮನೆ ಮೇಲಿನ ನೀರಿನ ಟ್ಯಾಂಕ್ ಪಕ್ಕ ಆಂಟೆನಾ ಎತ್ತಿ ಕಟ್ಟಿದರೆ ನಿಮ್ಮ ದೂರಕ್ಕೆ ಸಾಕಾಗಬೇಕು. ಊರಾಚೆ ಇದ್ದಾಗ ಫೋನಿಂದ ನಡೆಸಬೇಕು ಅಂದರೆ ಮನೆಯ ವೈಫೈಗೆ ಸೇರಿಸಿಕೊಳ್ಳಬಹುದು. ವೈಫೈ ಹೋದರೂ ಮನೆಯಿಂದ ಬೋರಿಗೆ ಸಂಪರ್ಕ ಉಳಿಯುತ್ತದೆ.

ರಿಟೈರ್ಡ್ ಲೈನ್‌ಮನ್

ಸೋಲಾರ್ ಪಂಪ್ ಹಾಕಿಸುವ ಯೋಚನೆ ಇರುವವರಿಗೂ ಒಂದು ಮಾತು. ಕುಸುಮ್ ಯೋಜನೆಯ ಪಂಪುಗಳಲ್ಲಿ ಒಂದು ಸಿಮ್ ಇರುತ್ತದೆ, ಎಷ್ಟು ಓಡಿತು ಅನ್ನುವ ಲೆಕ್ಕ ದೂರದಿಂದಲೇ ನೋಡುತ್ತಾರೆ. ಮನೆಗೆ ಸ್ಮಾರ್ಟ್ ಮೀಟರ್, ತೋಟಕ್ಕೆ ಇದು. ಬೆಸ್ಕಾಂನಲ್ಲಿ 2025ರ ಫೆಬ್ರವರಿಯಿಂದ ಹೊಸ ಕನೆಕ್ಷನ್‌ಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿದಾಗ ಬೆಲೆ ವಿಷಯಕ್ಕೆ ಹೈಕೋರ್ಟ್ ತನಕ ಜಗಳ ಹೋಯಿತು. ಬೆಲೆ ಬಗ್ಗೆ ಎಲ್ಲರೂ ಮಾತಾಡಿದರು. ಆ ಲೆಕ್ಕ ಯಾರ ಹತ್ತಿರ ಇರುತ್ತದೆ, ಎಷ್ಟು ವರ್ಷ ಇಟ್ಟುಕೊಳ್ಳುತ್ತಾರೆ ಅಂತ ಕೇಳಿದವರು ಕಮ್ಮಿ. ಪಂಪ್‌ಸೆಟ್‌ಗೆ 10 ಎಚ್‌ಪಿ ತನಕ ಕರೆಂಟ್ ಫ್ರೀ ಇರುವ ರಾಜ್ಯ ನಮ್ಮದು. ಯಾವ ಬೋರ್ ಎಷ್ಟು ಗಂಟೆ ಓಡಿತು ಅನ್ನುವುದು ಮುಂದೆ ದೊಡ್ಡ ವಿಷಯ ಆಗುತ್ತದೆ, ಬರೆದಿಟ್ಟುಕೊಳ್ಳಿ.

ತಿಪಟೂರು ತೋಟದವ

ಅಪ್‌ಡೇಟ್. ಇವತ್ತು ಅಂಗಡಿಯಲ್ಲಿ ಸಿಮ್ ತೆಗೆಸಿ ನೋಡಿದೆ. ಮೊದಲು ತೋರಿಸಿದ ಪೆಟ್ಟಿಗೆಯಲ್ಲಿ ಫೇಸ್ ಕಿತ್ತಾಗ ಟ್ರಿಪ್ ಆಯಿತು, ಆದರೆ ಟೈಮರ್ ಆ್ಯಪ್ ಇಲ್ಲದೆ ಇಡೋಕಾಗಲಿಲ್ಲ. ಬಾಗಿಲ ಮೇಲೆ ಬಟನ್ನೂ ಇಲ್ಲ, ಬರೀ ಗಾಜು. ಬೇಡ ಅಂದೆ. ಅಂಗಡಿಯವರು ಗೊಣಗುತ್ತಾ ಒಳಗಿಂದ ಇನ್ನೊಂದು ತಂದರು. ಅದರಲ್ಲಿ ಬಟನ್ ಇದೆ, ಆಟೋ-ಮ್ಯಾನುಯಲ್ ಸ್ವಿಚ್ ಇದೆ, ಜಿಯೋ ಸಿಮ್‌ಗೆ ಮಿಸ್ಡ್ ಕಾಲ್ ಕೊಟ್ಟರೆ ಟಕ್ ಅಂತ ಕಾಂಟ್ಯಾಕ್ಟರ್ (ಮೋಟಾರ್‌ಗೆ ಕರೆಂಟ್ ಕೊಡುವ ಒಳಗಿನ ಸ್ವಿಚ್) ಎಳೆಯಿತು. ಆ್ಯಪ್ ಬೇಕಾದರೆ ಹಾಕಿಕೊಳ್ಳಬಹುದು. ಅದನ್ನೇ ತಂದಿದ್ದೇನೆ. ಲೋರಾ ಆಮೇಲೆ ನೋಡೋಣ.

ವೈಂಡಿಂಗ್ ಅಣ್ಣಾ, ಡಿಲೇ ಎಷ್ಟು ಇಡಲಿ? ನಮ್ಮ ಟಿಸಿಯಲ್ಲಿ ನಾಲ್ಕು ಮೋಟಾರ್ ಇವೆ. ಪಕ್ಕದವರು ಆಗಲೇ ಒಂದು ನಿಮಿಷ ಇಟ್ಟಿದ್ದಾರಂತೆ.

ವೈಂಡಿಂಗ್ ಅಂಗಡಿ

ಹಾಗಾದರೆ ನೀವು ಮೂರು ನಿಮಿಷ ಇಡಿ. ಉಳಿದ ಇಬ್ಬರಿಗೆ ಐದು, ಏಳು ಅಂತ ಹೇಳಿ. ಡ್ರೈ ರನ್ ಸೆಟ್ಟಿಂಗ್ (ನೀರಿಲ್ಲದಾಗ ಎಷ್ಟು ಆಂಪ್ಸ್‌ಗೆ ನಿಲ್ಲಬೇಕು ಅನ್ನುವುದು) ಅಂಗಡಿಯಲ್ಲಿ ಮಾಡಿಸಬೇಡಿ. ತೋಟಕ್ಕೆ ಹಾಕಿ, ಪೈಪಲ್ಲಿ ತುಂಬಿ ನೀರು ಬರುವಾಗ ಆಂಪ್ಸ್ ನೋಡಿಕೊಂಡು, ಅದಕ್ಕಿಂತ ಕಾಲು ಭಾಗ ಕಡಿಮೆ ಇಡಿ. ಸುಮ್ಮಸುಮ್ಮನೆ ಟ್ರಿಪ್ ಆಗುತ್ತಿದ್ದರೆ ಇನ್ನೂ ಸ್ವಲ್ಪ ಇಳಿಸಿ. ಪಾಸ್‌ವರ್ಡ್ ಇವತ್ತೇ ಬದಲಾಯಿಸಿ, ಮನೆಯವರ ನಂಬರ್ ಮಾತ್ರ ಸೇರಿಸಿ.

ಮೈಸೂರಿನಿಂದ

ನಮ್ಮ ಗೀಸರ್ ಪ್ಲಗ್‌ಗೂ ಸಿಮ್ ಪರೀಕ್ಷೆ ಥರ ಏನಾದರೂ ಇದೆಯಾ?

ಚಿಪ್ ಮೇಡಂ

ಇದೆ ಮೇಡಂ. ಮೊದಲು ಆ ಪ್ಲಗ್ 16 ಆಂಪ್ಸ್‌ದಾ ನೋಡಿ. 10 ಆಂಪ್ಸ್‌ದಾದರೆ ಗೀಸರ್‌ಗೆ ಹಾಕಲೇಬೇಡಿ, ಬಿಸಿಯಾಗಿ ಕರಗಬಹುದು. 16 ಇದ್ದರೆ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ "ಕರೆಂಟ್ ಬಂದಾಗ ಆನ್ ಆಗು" ಅನ್ನುವ ಆಯ್ಕೆ ಹುಡುಕಿ ಹಾಕಿಡಿ. ಆಮೇಲೆ ರೌಟರ್ ಆಫ್ ಮಾಡಿ, ಗೋಡೆ ಸ್ವಿಚ್ ಹಾಕಿ ನೋಡಿ. ಪ್ಲಗ್ ಆನ್ ಆದರೆ ಅತ್ತೆಗೆ ಸ್ವಿಚ್ ಒಂದೇ ಸಾಕು. ಆಗದಿದ್ದರೆ ಪ್ಲಗ್ ಕಿತ್ತು ಗೀಸರನ್ನು ನೇರ ಗೋಡೆಗೆ ಸಿಕ್ಕಿಸಿ.